ಹನ್ನೆರಡನೆಯ ಜೊತೆ ಬಲ್ಬು

1984ರ ಜೂನ್ 18, ಸೋಮವಾರ. ಬೆಳಿಗ್ಗೆ 9.40ಕ್ಕೆ ಮಾವಿನ ಮಂಡಿಯ ಮುನಿರಾಮಪ್ಪನವರು ಗುಂಡ್ಲಕೆರೆ ಪೊಲೀಸ್ ಠಾಣೆಗೆ ದೂರು ಕೊಡಲು ಬಂದರು. ಹೊರಗಿನ ಬೆಂಚಿನ ಮೇಲೆ ಒಂಬತ್ತು ಗಂಟೆಯಿಂದ ಕೂತಿದ್ದ ಹೆಂಗಸನ್ನು ದಾಟಿಕೊಂಡು ಸೀದಾ ಒಳಗೆ ಹೋಗಿ, ಯಾರೂ ಹೇಳುವ ಮೊದಲೇ ಕುರ್ಚಿ ಎಳೆದುಕೊಂಡು ಕೂತರು.

ಹೊರಗೆ ಕೂತಿದ್ದವಳು ಆದಿಲಕ್ಷ್ಮಮ್ಮ. ಸೋಮವಾರದ ಸಂತೆಗೆ ಬಂದಾಗಲೆಲ್ಲ ಠಾಣೆಗೂ ಬರುತ್ತಿದ್ದಳು. ಆಕೆಯ ಗಂಡ ಮುನಿಶಾಮಿ ಮೇ 8ರ ಬೆಳಗಿನ ಜಾವ ಸೈಕಲ್ ಮೇಲೆ ಬದನೆಕಾಯಿ ಮೂಟೆ ಹೇರಿಕೊಂಡು ಶ್ರೀನಿವಾಸಪುರದ ಮಾರ್ಕೆಟ್ಟಿಗೆ ಹೊರಟವನು ಹುಣಸೆತೋಪಿನ ಮೋರಿಗೆ ಬಿದ್ದು ಸತ್ತಿದ್ದ. 'ಮದ್ಯಪಾನ ಮಾಡಿ, ಸೈಕಲ್ ಸಮೇತ ಮೋರಿಗೆ ಬಿದ್ದು' ಎಂದು ಬರೆದು ಠಾಣೆಯವರು ಕಡತ ಮುಚ್ಚಿದ್ದರು. ಆಕೆ ಪರಿಹಾರ ಕೇಳುತ್ತಿರಲಿಲ್ಲ. ಜೀವಮಾನದಲ್ಲಿ ಹೆಂಡ ಮುಟ್ಟದ ಮನುಷ್ಯನ ಹೆಸರಿನ ಮುಂದೆ ಇರುವ ಆ ಒಂದು ಮಾತನ್ನು ತೆಗೆಯಿರಿ ಎನ್ನುತ್ತಿದ್ದಳು. ರೈಟರ್ ಕದಿರಪ್ಪ ಪ್ರತಿ ಸಲವೂ, "ಮುಂದಿನ ವಾರ ಬಾಮ್ಮ" ಎಂದು ಕಳಿಸುತ್ತಿದ್ದ. ಹೀಗೆ ಐದು ವಾರಗಳು ಕಳೆದಿದ್ದವು.

ಸಬ್‌ಇನ್‌ಸ್ಪೆಕ್ಟರ್ ಕೋದಂಡರಾಮಪ್ಪ ಏಪ್ರಿಲ್‌ನಲ್ಲಿ ಈ ಠಾಣೆಗೆ ಬಂದವನು. ಊರವರ ಬಾಯಲ್ಲಿ ಇನ್‌ಸ್ಪೆಕ್ಟರೇ. ಆ ಹೊತ್ತಿನಲ್ಲಿ ಅವನು ಮೇಲಿನ ಕಚೇರಿಗೆ ಮೂರನೆಯ ಸಲ ಒಂದು ಪತ್ರ ಬರೆಯುತ್ತಿದ್ದ: ಠಾಣೆಯ ಜೀಪಿನ ಬ್ಯಾಟರಿ ವೀಕಾಗಿ ಹೆಡ್‌ಲೈಟು ಮಂಕಾಗಿದೆ, ದಯವಿಟ್ಟು ಹೊಸ ಬ್ಯಾಟರಿ ಮಂಜೂರು ಮಾಡಬೇಕು. ಮೊದಲಿನ ಎರಡು ಪತ್ರಗಳಿಗೆ ಉತ್ತರ ಬಂದಿರಲಿಲ್ಲ. ಇದಕ್ಕೂ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು, ಆದರೂ ಬರೆಯುತ್ತಿದ್ದ.

"ಏನು ಕಳುವಾಗಿದೆ?" ಎಂದು ಕೇಳಿದ.

"ಲೈಟು ಕಣ್ರೀ. ನಮ್ಮ ಅಂಬಾಸಡರ್ ಕಾರಿನ ಲೈಟು," ಎಂದರು ಮುನಿರಾಮಪ್ಪ.

"ಪೂರ್ತಿ ಲೈಟಾ?"

"ಬಲ್ಬು. ಎರಡು. ಮದ್ರಾಸಿಂದ ತರಿಸಿ ಹಾಕಿಸಿದ್ದು, ನೂರು ವ್ಯಾಟಿನ ಹ್ಯಾಲೊಜನ್. ಹಾಕಿದ್ರೆ ಅರ್ಧ ಮೈಲಿ ಹಗಲಾಗ್ತಿತ್ತು. ನಿನ್ನೆ ಸಂಜೆ ಮುಳಬಾಗಿಲಿಂದ ಬರ್ತಾ ನೋಡ್ತೀನಿ, ದನದ ಕೊಟ್ಟಿಗೆ ಬುಡ್ಡಿ ಇಟ್ಟಂಗಿದೆ."

"ಗಾಜು ಒಡೆದಿದಾರಾ?"

"ಇಲ್ಲ. ನೀಟಾಗಿ ಬಿಚ್ಚಿ, ಬಲ್ಬು ತಗೊಂಡು, ನಮ್ಮ ಹಳೇ ಬಲ್ಬು ಹಾಕಿ, ಮತ್ತೆ ನೀಟಾಗಿ ಮುಚ್ಚಿ ಹೋಗಿದಾನೆ."

ಕದಿರಪ್ಪನ ಪೆನ್ನು ನಿಂತಿತು. "ಹಳೇ ಬಲ್ಬು ಅಂದ್ರೆ ಯಾವ್ದೋ ಹಳೇದಾ ಸ್ವಾಮಿ?"

"ನಮ್ಮದೇ ಕಣ್ರೀ. ನಮ್ಮ ಡ್ರೈವರು ಅದರ ಹಿತ್ತಾಳೆ ಬಳೆ ಮೇಲೆ ಮೊಳೆಯಲ್ಲಿ ಗಾಡಿ ನಂಬರು ಗೀಚಿದ್ದ. ಅದೇ ನಂಬರು ಇದೆ."

ಆ ಕಡೆಯ ಡ್ರೈವರುಗಳಿಗೆ ಆ ಅಭ್ಯಾಸವಿತ್ತು. ಗಾಡಿ ರಿಪೇರಿಗೆ ಬಿಟ್ಟರೆ ಒಳ್ಳೆಯ ಸಾಮಾನು ಹೋಗಿ ಕೆಟ್ಟದ್ದು ಬರುತ್ತದೆಂಬ ಭಯಕ್ಕೆ ಬ್ಯಾಟರಿ, ಜಾಕು, ಸ್ಟೆಪ್ನಿ, ಕೊನೆಗೆ ಬಲ್ಬಿನ ಮೇಲೂ ನಂಬರು ಗೀಚುತ್ತಿದ್ದರು. ಕೋದಂಡರಾಮಪ್ಪ ಹದಿನಾಲ್ಕು ವರ್ಷದ ಸರ್ವಿಸಿನಲ್ಲಿ ಬಗೆಬಗೆಯ ಕಳ್ಳರನ್ನು ನೋಡಿದ್ದ. ಕದ್ದು, ಮಾಲೀಕನದೇ ಹಳೆಯ ಸಾಮಾನನ್ನು ಅವನಿಗೇ ವಾಪಸ್ ಕೊಟ್ಟು ಹೋಗುವವನನ್ನು ನೋಡಿರಲಿಲ್ಲ.

ಮೊಕದ್ದಮೆ ಸಂಖ್ಯೆ 47/84, ಕಲಂ 379 ಐಪಿಸಿ, ಕಳವು. ಹತ್ತು ನಿಮಿಷದಲ್ಲಿ ಎಫ್‌ಐಆರ್ ಆಯಿತು. ಬರೆಯುತ್ತ ಕದಿರಪ್ಪ ಕೇಳಿದ: "ಸಾರ್, ಕಳುವಾದ ಮಾಲು ಅಂತ ಒಂದು ಕಾಲಂ ಇದೆ. ವಾಪಸ್ ಬಂದ ಮಾಲು ಎಲ್ಲಿ ಬರೀಲಿ?"

"ನಿನ್ನ ತಲೆ ಮೇಲೆ ಬರಿ," ಎಂದ ಕೋದಂಡರಾಮಪ್ಪ.

ಮುನಿರಾಮಪ್ಪನವರು ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು, "ಒಂದು ವಾರ ನೋಡ್ತೀನಿ ಇನ್‌ಸ್ಪೆಕ್ಟರೇ, ಆಮೇಲೆ ನನ್ನ ದಾರಿ ನಂಗೆ ಗೊತ್ತು" ಎಂದರು. ಬೆಂಚಿನ ಮೇಲಿದ್ದ ಆದಿಲಕ್ಷ್ಮಮ್ಮ ಅವರಿಗೆ ದಾರಿ ಬಿಟ್ಟು ಕಾಲು ಮಡಚಿಕೊಂಡಳು. ಆಕೆಯನ್ನು ಕದಿರಪ್ಪ ಆ ದಿನವೂ ಮುಂದಿನ ವಾರಕ್ಕೆ ಕಳಿಸಿದ.

ಬೆಳಿಗ್ಗೆ 11.15ಕ್ಕೆ ಮಂಡಿಯಲ್ಲಿ ಪಂಚನಾಮೆ. ಪಂಚರು ಬೇಕು ಎಂದ ಕೂಡಲೇ ಕದಿರಪ್ಪ ರಸ್ತೆ ದಾಟಿ ಅಶ್ವತ್ಥಪ್ಪನನ್ನು ಕರೆತಂದ. ಅಶ್ವತ್ಥಪ್ಪ ಠಾಣೆಯ ಎದುರಿಗೇ ಆಟೋ ಎಲೆಕ್ಟ್ರಿಕಲ್ ಅಂಗಡಿ ಇಟ್ಟುಕೊಂಡಿದ್ದ ಮೆಕ್ಯಾನಿಕ್ಕು. ಮೂವತ್ತೈದರ ಆಸುಪಾಸು, ಮಾತು ಕಡಿಮೆ. ಜೂಜಾಗಲಿ ಸಾರಾಯಿಯಾಗಲಿ ಕೋಳಿ ಕಳ್ಳತನವಾಗಲಿ, ಗುಂಡ್ಲಕೆರೆ ಠಾಣೆಯ ಪಂಚನಾಮೆಗಳಲ್ಲಿ ಮೊದಲನೆಯ ಸಹಿ ಅವನದೇ. ಕರೆದರೆ ಬರುತ್ತಾನೆ, ಓದದೆ ಸಹಿ ಹಾಕುತ್ತಾನೆ, ಕೋರ್ಟಿನಲ್ಲಿ ಮಾತು ಬದಲಿಸುವುದಿಲ್ಲ. ಠಾಣೆಗೆ ಇದಕ್ಕಿಂತ ಇನ್ನೇನು ಬೇಕು?

ಹೆಡ್‌ಲೈಟು ಬಿಚ್ಚಲು ಪೊಲೀಸರಿಗೆ ಬರುತ್ತಿರಲಿಲ್ಲ. ಅಶ್ವತ್ಥಪ್ಪನೇ ತನ್ನ ಸ್ಕ್ರೂಡ್ರೈವರಿನಿಂದ ರಿಮ್ ಬಿಚ್ಚಿದ, ಬಲ್ಬು ತೆಗೆದ, ಕೈಯಲ್ಲಿ ತಿರುಗಿಸಿ ತೋರಿಸಿದ.

"ನಲವತ್ತೈದು ವ್ಯಾಟಿನದು ಸಾರ್. ಮಾಮೂಲಿ ಬಲ್ಬು. ಕಂಪನಿಯಿಂದ ಬಂದಿದ್ದು."

"ಹೊಸದು ಹಾಕಿದ್ದು ಯಾರು?"

"ನಾನೇ ಸಾರ್. ಯುಗಾದಿ ಮುಂಚೆ."

"ಹಳೇದನ್ನ ಏನು ಮಾಡಿದೆ?"

"ಹಳೇ ಸಾಮಾನು ಮೆಕ್ಯಾನಿಕ್‌ಗೇ ಅಲ್ವಾ ಸಾರ್. ಗುಜರಿಗೆ ಹಾಕಿದೆ."

"ಯಾವ ಗುಜರಿ?"

"ಸೈಕಲ್ ಮೇಲೆ ಬರ್ತಾನೆ ಸಾರ್. ಮಾಲೂರು ಕಡೆಯೋನು."

ಇದನ್ನೆಲ್ಲ ಬರೆದುಕೊಂಡರು. ಅಶ್ವತ್ಥಪ್ಪ ಸಹಿ ಹಾಕಿ, ಕೈ ಒರೆಸಿಕೊಂಡು ಅಂಗಡಿಗೆ ಹೋದ.

ಮುಂದಿನ ಒಂದು ವಾರ ಕೋದಂಡರಾಮಪ್ಪನಿಗೆ ಭೇದಿ ಹತ್ತಿದ ಹಾಗಾಯಿತು. ಸುದ್ದಿ ಕೇಳಿ ಉಳಿದವರೂ ತಮ್ಮ ಗಾಡಿ ಬಿಚ್ಚಿ ನೋಡಿಕೊಂಡರು. ವೇಮಗಲ್ ಕಡೆಯ ಒಂದು ವ್ಯಾನು, ಗೌನಿಪಲ್ಲಿಯ ಮಾವಿನ ತೋಪಿನವರ ಒಂದು ಜೀಪು, ನರಸಾಪುರದ ಕಂಟ್ರಾಕ್ಟರರ ಒಂದು ಕಾರು. ಎಲ್ಲದರಲ್ಲೂ ಹೊಸ ಬಲ್ಬು ಹೋಗಿ ಆಯಾ ಗಾಡಿಯದೇ ಹಳೆಯ ಬಲ್ಬು ಬಂದು ಕೂತಿತ್ತು. ಯಾವಾಗ ಹೋಯಿತು ಎಂದರೆ ಒಬ್ಬೊಬ್ಬರೂ ಒಂದೊಂದು ವಾರ ಹೇಳುತ್ತಿದ್ದರು. ಯಾರ ಮೇಲೆ ಅನುಮಾನ ಎಂದರೆ ಒಬ್ಬ ಭಾವಮೈದುನನ ಹೆಸರು ಹೇಳಿದ, ಇನ್ನೊಬ್ಬ ಪಂಚಾಯ್ತಿ ಚುನಾವಣೆಯಲ್ಲಿ ಎದುರು ನಿಂತವನ ಹೆಸರು ಹೇಳಿದ. ಪ್ರತಿ ಕಡೆಯೂ ಪಂಚನಾಮೆ, ಪ್ರತಿ ಪಂಚನಾಮೆಗೂ ಜೀಪಿನ ಹಿಂದೆ ಕೂತು ಬಂದು ಹೆಡ್‌ಲೈಟು ಬಿಚ್ಚಿಕೊಟ್ಟವನು ಅಶ್ವತ್ಥಪ್ಪ.

ಕದಿರಪ್ಪ ಗುಜರಿಯವನನ್ನು ಹುಡುಕಿಕೊಂಡು ಬಸ್ಸಿನಲ್ಲಿ ಮಾಲೂರಿಗೆ ಹೋದ. ಅಲ್ಲಿ, ಅವನು ಮುಳಬಾಗಿಲಿಗೆ ಹೋಗಿದ್ದಾನೆ ಎಂದರು. ಮುಳಬಾಗಿಲಿನಲ್ಲಿ, ನಿನ್ನೆ ತಾನೆ ಹೊರಟ ಎಂದರು. ಮೂರು ದಿನ ಸುತ್ತಿ, ಶರಟು ಮಣ್ಣು ಮಾಡಿಕೊಂಡು ವಾಪಸ್ ಬಂದ.

ಜೂನ್ 22ರಂದು ಬೆರಳಚ್ಚಿನವರಿಂದ ವರದಿ ಬಂತು. ಕೋಲಾರಕ್ಕೆ ಕಳಿಸಿದ್ದ ನಾಲ್ಕು ರಿಮ್ಮುಗಳ ಮೇಲೂ ಒಬ್ಬನದೇ ಬೆರಳು. ಕೋದಂಡರಾಮಪ್ಪ ಕುರ್ಚಿಯಿಂದ ಅರ್ಧ ಎದ್ದ. ಕೆಳಗಿನ ಸಾಲು ಓದಿ ಮತ್ತೆ ಕೂತ. ಆ ಬೆರಳು ಪಂಚನಾಮೆಯ ಕಾಗದದ ಮೇಲೆ ಗ್ರೀಸಿನ ಕಲೆ ಮಾಡಿದ್ದ ಪಂಚನದು, ಅಂದರೆ ಅಶ್ವತ್ಥಪ್ಪನದು.

"ಅವನ್ದೇ ಇರ್ಬೇಕಲ್ಲ ಸಾರ್, ಬಿಚ್ಚಿದ್ದು ಅವನೇ," ಎಂದ ಕದಿರಪ್ಪ.

"ಅವನ ಕೈಲಿ ಬಿಚ್ಚಿಸಿದ್ದು ಯಾರು?"

ಕದಿರಪ್ಪ ಗೋಡೆ ನೋಡಿದ. ಕಳ್ಳನ ಗುರುತು ಇದ್ದಿದ್ದರೂ ಪೊಲೀಸರೇ ನಿಂತು ಒರೆಸಿಹಾಕಿದಂತಾಗಿತ್ತು. ಮಧ್ಯಾಹ್ನ ಸರ್ಕಲ್ ಇನ್‌ಸ್ಪೆಕ್ಟರರ ಫೋನು ಬಂತು. ಅವರು ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಬಲ್ಬು ಕಳ್ಳನನ್ನು ಹಿಡಿಯಲು ಆಗದವನಿಗೆ ಠಾಣೆ ಏಕೆ, ಬಸ್ ಸ್ಟ್ಯಾಂಡಿನಲ್ಲಿ ಟಾರ್ಚು ಮಾರಲಿ ಎಂಬುದು ಅದರ ಸಾರ.

25ರ ಸೋಮವಾರ ಎರಡು ಸಂಗತಿಗಳು ನಡೆದವು. ಆದಿಲಕ್ಷ್ಮಮ್ಮ ಬಂದು ಎಂದಿನಂತೆ ಬೆಂಚಿನ ಮೇಲೆ ಕೂತಳು. ಗುಜರಿಯವನು ತಾನಾಗಿಯೇ ಠಾಣೆಯ ಮುಂದೆ ಸೈಕಲ್ ನಿಲ್ಲಿಸಿದ. ಪೊಲೀಸರು ತನ್ನನ್ನು ಹುಡುಕುತ್ತಿದ್ದಾರೆಂದು ಕೇಳಿ ಹೆದರಿ ಬಂದಿದ್ದ.

"ಅಶ್ವತ್ಥಪ್ಪನ ಹತ್ರ ಹಳೇ ಬಲ್ಬು ಎಷ್ಟು ತಗೊಂಡೆ?" ಎಂದು ಕೋದಂಡರಾಮಪ್ಪ ಕೇಳಿದ.

"ಬಲ್ಬು ನಾನೆಲ್ಲಿ ತಗೋತೀನಿ ಸಾಮಿ? ತಾಮ್ರ ತಗೋತೀನಿ, ಬ್ಯಾಟರಿ ಸೀಸ ತಗೋತೀನಿ. ಬಲ್ಬಲ್ಲಿ ಏನೈತೆ, ಗಾಜು."

"ಒಂದೂ ತಗೊಂಡಿಲ್ಲ?"

"ದೇವ್ರಾಣೆ ಇಲ್ಲ."

ಅವನನ್ನು ಕಳಿಸಿ ಕೋದಂಡರಾಮಪ್ಪ ಕಿಟಕಿಯಿಂದ ಎದುರಿನ ಅಂಗಡಿಯನ್ನು ನೋಡಿದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಆದರೆ ಏಕೆ? ಹೊಸ ಬಲ್ಬನ್ನು ಮತ್ತೆ ಮಾರುವ ಆಸೆಗೆ ಕದ್ದನೆಂದರೆ, ಅದೂ ಕೂಡುತ್ತಿರಲಿಲ್ಲ. ಮತ್ತೊಂದು ಜೊತೆ ಹಾಕಿಕೊಡು ಎಂದು ಮುನಿರಾಮಪ್ಪನವರು ಕೇಳಿದಾಗ, ಇನ್ನು ಮೇಲೆ ಆ ಬಲ್ಬು ತರಿಸುವುದಿಲ್ಲ ಎಂದು ಅಶ್ವತ್ಥಪ್ಪ ಹೇಳಿದ್ದ. ಏಕೆಂದು ತಿಳಿಯದೆ ಹಿಡಿದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅಶ್ವತ್ಥಪ್ಪನನ್ನು ಕರೆಸಿ, ಏನೂ ಗೊತ್ತಿಲ್ಲದವನಂತೆ, ಈ ಬಲ್ಬು ಯಾರ್ಯಾರ ಗಾಡಿಗೆ ಹಾಕಿದ್ದೆ ಹೇಳು ಎಂದ. ಅಶ್ವತ್ಥಪ್ಪ ನಿಂತಲ್ಲೇ ಹನ್ನೊಂದು ಹೆಸರು ಹೇಳಿದ. ಹೇಳುವಾಗ ಅವನ ಕಣ್ಣು ಕದಿರಪ್ಪನ ಬೀರುವಿನ ಕಾಲಿನ ಮೇಲಿತ್ತು.

ಆ ಬೀರುವಿಗೆ ಮೂರೇ ಕಾಲು. ನಾಲ್ಕನೆಯದರ ಜಾಗಕ್ಕೆ ಒಂದು ಕಪ್ಪು ಪೇಂಟಿನ ಡಬ್ಬಿ ಇಟ್ಟಿದ್ದರು. ಎದುರಿನವರ ಕಣ್ಣಿಗೆ ಹೊಡೆಯದಿರಲೆಂದು ಎಲ್ಲ ಗಾಡಿಗಳ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಳಿಸಬೇಕೆಂದು ಹಿಂದಿನ ವರ್ಷ ಬಂದಿದ್ದ ಪೇಂಟು ಅದು. ಡಬ್ಬಿಯ ಮುಚ್ಚಳ ಕೂಡ ತೆಗೆದಿರಲಿಲ್ಲ, ಒಳಗೆ ಪೇಂಟು ಕಲ್ಲಾಗಿತ್ತು.

ಜೂನ್ 26, ಮಂಗಳವಾರ, ಬೆಳಿಗ್ಗೆ 10.30. ಪಟ್ಟಿಯಲ್ಲಿದ್ದು ದೂರು ಕೊಡದೆ ಇದ್ದವರಲ್ಲಿ ಡಾಕ್ಟರ್ ಶ್ಯಾಮಲಮ್ಮ ಒಬ್ಬರು. ಗುಂಡ್ಲಕೆರೆಯ ಆರೋಗ್ಯ ಕೇಂದ್ರದ ಡಾಕ್ಟರು, ಹಳೆಯ ಫಿಯೆಟ್ ಕಾರು. ಕೋದಂಡರಾಮಪ್ಪ ಒಬ್ಬನೇ ಹೋದ.

"ನಿಮ್ಮ ಕಾರಿನ ಬಲ್ಬೂ ಹೋಗಿರಬೇಕಲ್ಲ ಡಾಕ್ಟ್ರೇ?"

"ಹೋಗಿ ಮೂರು ವಾರ ಆಯ್ತು."

"ದೂರು ಕೊಡ್ಲಿಲ್ಲ?"

"ಯಾಕೆ ಕೊಡ್ಲಿ? ಅದು ಹಾಕಿಸಿದಾಗಿನಿಂದ ಎದುರಿಗೆ ಬರೋ ಗಾಡಿಯವರೆಲ್ಲ ನನ್ನ ಬೈಕೊಂಡು ಹೋಗ್ತಿದ್ರು. ರಸ್ತೆಗೆ ಬೀಳೋ ಬದಲು ಹುಣಸೆಮರದ ತುದಿಗೆ ಬೀಳ್ತಿತ್ತು ಬೆಳಕು. ಹೋಗಿದ್ದೇ ಒಳ್ಳೇದಾಯ್ತು."

"ಯಾರು ತೆಗೆದಿರಬಹುದು?"

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನೊಂದು ಕೇಳ್ತೀನಿ, ಮೊದಲು ನೀವು ಹೇಳಿ. ಮೇ ಎಂಟನೇ ತಾರೀಕು ಸೈಕಲ್ಲಿಂದ ಬಿದ್ದೋನ್ನ ಇಲ್ಲಿಗೆ ತಂದಿದ್ರಲ್ಲ. ಅವನ ಬಾಯಲ್ಲಿ ಹೆಂಡದ ವಾಸನೆ ಇಲ್ಲ ಅಂತ ನಾನು ಬರೆದು ಕಳಿಸಿದ್ದೆ. ನೀವು ಓದಿದ್ರಾ?"

ಕೋದಂಡರಾಮಪ್ಪ ಓದಿರಲಿಲ್ಲ. ಮೋರಿಗೆ ಬಿದ್ದವರ ಕಡತವನ್ನು ಕದಿರಪ್ಪ ಹಿಂದಿನ ಕಡತ ನೋಡಿಕೊಂಡೇ ಇಳಿಸುತ್ತಿದ್ದ. ಹಿಂದಿನವನು ಕುಡಿದು ಬಿದ್ದಿದ್ದ, ಆದ್ದರಿಂದ ಇವನೂ ಕುಡಿದಿದ್ದ. ಕೋದಂಡರಾಮಪ್ಪ ಕೆಳಗೆ ಸಹಿ ಮಾಡಿದ್ದ.

"ಸುಮಾರು ಒಂದು ಗಂಟೆ ಜೀವ ಇತ್ತು," ಎಂದರು ಡಾಕ್ಟರು. "ಮಾತಾಡಿದ. ಎದುರಿಗೆ ಬೆಳಕು ಬಂತು, ಹ್ಯಾಂಡಲ್ಲೇ ಕಾಣ್ಲಿಲ್ಲ, ಕೈ ಅಡ್ಡ ಹಿಡಿದೆ ಅಂದ. ಅದನ್ನೂ ಬರೆದಿದ್ದೆ. ಅವನ್ನ ಎತ್ಕೊಂಡು ಬಂದಿದ್ದು ಅಶ್ವತ್ಥಪ್ಪ. ಅವನ ಅಕ್ಕನ ಗಂಡ ಅಲ್ವಾ. ಇಲ್ಲೇ ನಿಂತು ಕೇಳಿಸಿಕೊಂಡ."

"ಅಶ್ವತ್ಥಪ್ಪ ಆದಿಲಕ್ಷ್ಮಮ್ಮನ ತಮ್ಮನಾ?"

"ನಿಮ್ಮ ಠಾಣೆ ಎದುರಿಗೇ ಇರೋನು. ನಿಮಗೆ ಗೊತ್ತಿಲ್ವಾ?"

ಠಾಣೆಯ ಕಡತದಲ್ಲಿ 'ಸಾರ್ವಜನಿಕರು ಆಸ್ಪತ್ರೆಗೆ ಸಾಗಿಸಿದರು' ಎಂದಿತ್ತು. ಏಳು ಸೋಮವಾರ ಬೆಂಚಿನ ಮೇಲೆ ಕೂತವಳನ್ನು ನಿನ್ನ ತವರು ಯಾವುದು, ಹಿಂದೆ ಮುಂದೆ ಯಾರಿದ್ದಾರೆ ಎಂದು ಠಾಣೆಯಲ್ಲಿ ಒಬ್ಬನೂ ಕೇಳಿರಲಿಲ್ಲ. ಕೋದಂಡರಾಮಪ್ಪನಿಗೆ ತನ್ನ ಮೇಲೇ ಸಿಟ್ಟು ಬಂತು. ಅದನ್ನು ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯದೆ ಜೀಪಿನ ಬಾಗಿಲನ್ನು ಬಡಿದು ಹಾಕಿದ.

ಜೂನ್ 27, ಬುಧವಾರ, ಮಧ್ಯಾಹ್ನ 3.20. ಕೋದಂಡರಾಮಪ್ಪ, ರೈಟರ್ ಕದಿರಪ್ಪ, ಡ್ರೈವರ್ ಕಾನ್‌ಸ್ಟೇಬಲ್ ಚನ್ನರಾಯಪ್ಪ ರಸ್ತೆ ದಾಟಿ ಅಂಗಡಿಗೆ ಹೋದರು. ಈ ಸಲ ಪಂಚರು ಪಕ್ಕದ ಹೋಟೆಲಿನವರು. ಹೊಸ ಪಂಚರನ್ನು ಕಂಡ ಕೂಡಲೇ ಅಶ್ವತ್ಥಪ್ಪನಿಗೆ ತಿಳಿಯಿತು. ಕೈಯಲ್ಲಿದ್ದ ಹಾರ್ನನ್ನು ಕೆಳಗಿಟ್ಟು, ಸ್ಟೂಲ್ ಒರೆಸಿ, ಕೂತ್ಕೊಳ್ಳಿ ಸಾರ್ ಎಂದ.

"ಬಲ್ಬು ಎಲ್ಲಿ?"

ಅವನು ಮೇಲಿನ ಹಲಗೆಯಿಂದ ಒಂದು ದೊಡ್ಡ ಬಿಸ್ಕತ್ತು ಡಬ್ಬಿ ಇಳಿಸಿದ. ಒಳಗೆ ಹತ್ತಿಬಟ್ಟೆಯಲ್ಲಿ ಸುತ್ತಿದ ಬಲ್ಬುಗಳು ಜೊತೆಜೊತೆಯಾಗಿ ಇದ್ದವು. ಪ್ರತಿ ಜೊತೆಗೂ ದಾರದಲ್ಲಿ ಒಂದು ಚೀಟಿ, ಚೀಟಿಯ ಮೇಲೆ ಗಾಡಿ ನಂಬರು. ಒಂದೂ ಒಡೆದಿರಲಿಲ್ಲ.

"ಯಾಕೆ ಮಾಡ್ದೆ?"

"ಭಾವ ಸತ್ರಲ್ಲ ಸಾರ್."

"ಯಾವ ಗಾಡಿ ಅಂತ ಗೊತ್ತಾ?"

"ಗೊತ್ತಿಲ್ಲ. ಆದ್ರೆ ಆ ಬೆಳಕು ನಂದು. ಈ ಸೀಮೇಲಿ ನೂರು ವ್ಯಾಟಿಂದು ಹಾಕಿದೋನು ನಾನೊಬ್ನೇ."

"ಗಾಡಿಯೋರಿಗೆ ಹೇಳ್ಬಹುದಿತ್ತಲ್ಲ?"

"ಎಲ್ಲರ್ಗೂ ಹೇಳ್ದೆ ಸಾರ್. ಗೋಡೆಗೆ ಹಿಡಿದು ಬೆಳಕು ಇಳಿಸಿ ಕೊಟ್ಟಿದ್ದೆ, ಆಮೇಲೆ ಅವರವರೇ ಸ್ಕ್ರೂ ತಿರುಗಿಸಿ ಎತ್ಕೊಂಡಿದ್ರು. ಮೇಲರ್ಧಕ್ಕೆ ಕಪ್ಪು ಬಳೀರಿ, ಎದುರಿಗೆ ಜನ ಬಂದ್ರೆ ಡಿಮ್ ಮಾಡಿ ಅಂದೆ. ಮುನಿರಾಮಪ್ಪನವ್ರು ನಕ್ಬಿಟ್ರು. ಬೆಳಕು ಮಾರ್ದೋನೇ ಮಸಿ ಬಳಿ ಅಂತೀಯಲ್ಲೋ ಅಂದ್ರು."

"ಠಾಣೆಗೆ ಬಂದು ಹೇಳ್ಬೇಕಾಗಿತ್ತು."

ಅಶ್ವತ್ಥಪ್ಪ ಮೊದಲ ಸಲ ತಲೆ ಎತ್ತಿದ. "ಅಕ್ಕ ಬರ್ತಿದ್ಲಲ್ಲ ಸಾರ್. ಎದುರಿಗೇ ಕೂತು ನೋಡ್ತಿದ್ದೆ."

ಕದಿರಪ್ಪ ಜಪ್ತಿ ಪಂಚನಾಮೆ ಬರೆಯತೊಡಗಿದ. ಚೀಟಿ ನೋಡಿ ನಂಬರನ್ನು ಜೋರಾಗಿ ಓದುವುದು, ಬರೆಯುವುದು, ಜೊತೆಯನ್ನು ಬದಿಗಿಡುವುದು. ಮುನಿರಾಮಪ್ಪನವರ ಅಂಬಾಸಡರ್, ಡಾಕ್ಟರ ಫಿಯೆಟ್, ವೇಮಗಲ್ ವ್ಯಾನು. ಹನ್ನೊಂದು ಆದವು. ಡಬ್ಬಿಯ ತಳದಲ್ಲಿ ಇನ್ನೊಂದು ಜೊತೆ ಉಳಿದಿತ್ತು. ಅದನ್ನು ಎತ್ತಿ, ಚೀಟಿ ತಿರುಗಿಸಿದ ಕದಿರಪ್ಪ ಓದಲಿಲ್ಲ.

"ಓದು," ಎಂದ ಕೋದಂಡರಾಮಪ್ಪ.

"ಸಾರ್..."

ಕೋದಂಡರಾಮಪ್ಪ ಚೀಟಿಯನ್ನು ತಾನೇ ಇಸಿದುಕೊಂಡ. ಅದು ರಸ್ತೆಯ ಆಚೆ, ಬೇವಿನ ಮರದ ಕೆಳಗೆ ನಿಂತಿದ್ದ ಠಾಣೆಯ ಜೀಪಿನ ನಂಬರು.

"ಹನ್ನೊಂದೇ ಗಾಡಿ ಅಂದಿದ್ದೆ?"

"ನೀವು ಯಾರ್ಯಾರ ಗಾಡಿ ಅಂದ್ರಿ, ಹೇಳ್ದೆ. ಜೀಪು ಸರ್ಕಾರದ್ದಲ್ವಾ ಸಾರ್. ಎಲ್ಲಕ್ಕಿಂತ ಮೊದ್ಲು ಹಾಕಿದ್ದು ಅದಕ್ಕೇ. ಎದುರಿನ ಠಾಣೆ ಅಂತ ಪುಗಸಟ್ಟೆ ಹಾಕ್ಕೊಟ್ಟೆ, ನೀವು ಬರೋಕ್ಕೆ ಮುಂಚೆ. ತೆಗೆದಿದ್ದೂ ಮೊದ್ಲು ಅದನ್ನೇ. ಮೇ ತಿಂಗಳ ಕೊನೇಲಿ ಹಾರ್ನ್ ರಿಪೇರಿಗೆ ಬಂದಾಗ."

ಕೋದಂಡರಾಮಪ್ಪ ತಿರುಗಿ ಚನ್ನರಾಯಪ್ಪನನ್ನು ನೋಡಿದ. ಬ್ಯಾಟರಿ ವೀಕಾಗಿದೆ ಸಾರ್ ಎಂದು ಹೇಳಿದ್ದವನು ಚನ್ನರಾಯಪ್ಪ. ಆ ಮಾತನ್ನು ನಂಬಿ ಮೂರು ಪತ್ರ ಬರೆದಿದ್ದವನು ತಾನು. ಮೇಲಿನ ಕಚೇರಿಗೆ ಇಂಡೆಂಟ್ ಹಾಕಿ ಬೇಡದೆ ಬಂದ ಬಲ್ಬು ಹೋಯಿತೆಂದು ಚನ್ನರಾಯಪ್ಪ ಯಾವ ಬಾಯಲ್ಲಿ ಹೇಳಿಯಾನು? ಅವನು ಈಗ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

ಮಧ್ಯಾಹ್ನ 4.10ಕ್ಕೆ ಅಶ್ವತ್ಥಪ್ಪನನ್ನು ದಸ್ತಗಿರಿ ಮಾಡಲಾಯಿತು. ಕೈಕೋಳ ಹಾಕಲಿಲ್ಲ. ಅವನು ಅಂಗಡಿಯ ಬಾಗಿಲು ಹಾಕಿ, ಬೀಗದ ಕೈಯನ್ನು ಹೋಟೆಲಿನವರಿಗೆ ಕೊಟ್ಟು, ಅಕ್ಕ ಬಂದ್ರೆ ಕೊಡಿ ಎಂದು ಹೇಳಿ, ತಾನೇ ಮುಂದಾಗಿ ರಸ್ತೆ ದಾಟಿದ.

ಸಂಜೆ ಕೋದಂಡರಾಮಪ್ಪ ಜೀಪಿನ ಲಾಗ್‌ಬುಕ್ ತರಿಸಿದ. ಮೇ 7ರ ರಾತ್ರಿ ಗೌನಿಪಲ್ಲಿಯಲ್ಲಿ ಮಾವಿನ ತೋಪಿನ ಗಲಾಟೆಗೆ ಬಂದೋಬಸ್ತು. ಮೇ 8, ಬೆಳಗಿನ ಜಾವ 4.55ಕ್ಕೆ ಠಾಣೆಗೆ ವಾಪಸ್. ಮುನಿಶಾಮಿ ಬಿದ್ದದ್ದು 4.45ರ ಸುಮಾರಿಗೆ. ಗೌನಿಪಲ್ಲಿಯಿಂದ ಶ್ರೀನಿವಾಸಪುರದ ಮೇಲೆ ಗುಂಡ್ಲಕೆರೆಗೆ ಬರುವವರು ಹುಣಸೆತೋಪಿನ ಮೋರಿಯನ್ನು ದಾಟಲೇಬೇಕು. ಚನ್ನರಾಯಪ್ಪನನ್ನು ಕರೆದು ಬಾಗಿಲು ಹಾಕಿದ.

"ಆ ದಿನ ಮೋರಿ ಹತ್ರ ಏನು ನೋಡ್ದೆ?"

"ಒಂದು ಸೈಕಲ್ ಬಂತು ಸಾರ್."

"ಡಿಮ್ ಮಾಡ್ದಾ?"

"ಕಾಲಲ್ಲಿ ಒತ್ತೋ ಸ್ವಿಚ್ಚು ಆಗ್ಲೇ ಜಾಮಾಗಿತ್ತು ಸಾರ್. ಇಂಡೆಂಟ್ ಕಳಿಸಿದ್ದೆ, ಬಂದಿರ್ಲಿಲ್ಲ."

"ಸೈಕಲ್ಲಿನೋನು ಏನು ಮಾಡ್ದ?"

"ಕಣ್ಣಿಗೆ ಕೈ ಅಡ್ಡ ಹಿಡಿದ. ಅಷ್ಟೇ ನೋಡಿದ್ದು. ಗಾಡಿ ತಾಗ್ಲಿಲ್ಲ ಸಾರ್, ನನ್ನ ಮಕ್ಕಳಾಣೆ ತಾಗ್ಲಿಲ್ಲ."

"ಹಿಂದಕ್ಕೆ ತಿರುಗಿ ನೋಡ್ಬೇಕು ಅನ್ನಿಸ್ಲಿಲ್ವಾ?"

"ನಿಮ್ಮನ್ನ ಎಬ್ಬಿಸ್ಲಾ ಅಂದ್ಕೊಂಡೆ ಸಾರ್. ಎಲ್ಲೂ ನಿಲ್ಲಿಸ್ಬೇಡ ಅಂತ ಹೇಳಿ ಮಲಗಿದ್ರಿ."

ಆ ಬೆಳಿಗ್ಗೆ ಏಳು ಗಂಟೆಗೆ, ಮೋರಿಗೆ ಯಾರೋ ಬಿದ್ದಿದ್ದರು, ಆಸ್ಪತ್ರೆಗೆ ಸಾಗಿಸಿದ್ದಾರೆ ಎಂದು ಸುದ್ದಿ ಬಂದಾಗ, ಅದೇ ಜೀಪಿನಲ್ಲಿ ಹೋಗಿ ಕೋದಂಡರಾಮಪ್ಪ ಸ್ಥಳ ಪರಿಶೀಲನೆ ಮಾಡಿದ್ದ. ಬದನೆಕಾಯಿ ಚೆಲ್ಲಿದ್ದವು. ಹತ್ತಿರದಲ್ಲಿ ಹೆಂಡದಂಗಡಿ ಇದೆಯೇ ಎಂದು ತಾನೇ ಕೇಳಿದ್ದು ಈಗ ನೆನಪಾಯಿತು.

ರಾತ್ರಿ ಸರ್ಕಲ್ ಇನ್‌ಸ್ಪೆಕ್ಟರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದ. ಕಳ್ಳ ಸಿಕ್ಕನಲ್ಲ, ಅಷ್ಟಕ್ಕೆ ಮುಗಿಸಿ ಎಂದರು ಅವರು. ಹನ್ನೆರಡನೆಯ ಜೊತೆಗೆ ದೂರುದಾರರೇ ಇಲ್ಲ, ಪಂಚನಾಮೆಯ ಕೊನೆಯ ಹಾಳೆ ಬದಲಿಸಿಬಿಡಿ. ಬೆಳಕು ಬಿದ್ದು ಸತ್ತ ಎಂದು ಬರೆಯಲು ನಿಮಗೇನು ಹುಚ್ಚೇ, ಅದಕ್ಕೆ ಯಾವ ಸೆಕ್ಷನ್ ಇದೆ? ಕೋದಂಡರಾಮಪ್ಪ ಆಯ್ತು ಸಾರ್ ಎಂದು ಫೋನು ಇಟ್ಟ. ಹಾಳೆ ಬದಲಿಸಲಿಲ್ಲ.

ಅಶ್ವತ್ಥಪ್ಪನಿಗೆ ಮರುದಿನ ಶ್ರೀನಿವಾಸಪುರದ ಕೋರ್ಟಿನಲ್ಲಿ ಜಾಮೀನು ಸಿಕ್ಕಿತು. ಅವನ ಹೇಳಿಕೆಯ ಕೊನೆಯಲ್ಲಿ ಕದಿರಪ್ಪ ಬರೆದುಕೊಂಡಿದ್ದು ಇಷ್ಟು: 'ಯಾವ ಗಾಡಿಯೆಂದು ಹುಡುಕುವ ಮನಸ್ಸಿರಲಿಲ್ಲ. ಗೊತ್ತಾದರೆ ಅವರೊಬ್ಬರನ್ನು ದ್ವೇಷಿಸಿ ನಾನು ಹಗುರಾಗುತ್ತಿದ್ದೆ. ಹಾಕಿದವನು ನಾನು. ಎಲ್ಲವನ್ನೂ ತೆಗೆದರೆ ಇನ್ನೊಬ್ಬ ಸಾಯುವುದಿಲ್ಲ ಎಂದುಕೊಂಡೆ.' ಜೀಪಿನ ಲಾಗ್‌ಬುಕ್ಕಿನಲ್ಲಿ ಏನಿದೆಯೆಂದು ಅವನು ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಜುಲೈ 2, ಸೋಮವಾರ, ಬೆಳಿಗ್ಗೆ 9.05. ಆದಿಲಕ್ಷ್ಮಮ್ಮ ಬಂದು ಬೆಂಚಿನ ಮೇಲೆ ಕೂತಳು. ಮುಂದಿನ ವಾರ ಎಂದು ಹೇಳಲು ಕದಿರಪ್ಪ ಹೊರಗೆ ಬರಲಿಲ್ಲ. ಕೋದಂಡರಾಮಪ್ಪನೇ ಬಂದು ಒಳಗೆ ಕರೆದ, ಕುರ್ಚಿ ತೋರಿಸಿದ. ಆಕೆ ಕೂರಲಿಲ್ಲ, ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಆ ಮಾತು ತೆಗೆದ್ರಾ ಸಾಮಿ?"

"ತೆಗೆದೆ ಅಮ್ಮ. ತಾಲ್ಲೂಕು ಮ್ಯಾಜಿಸ್ಟ್ರೇಟರಿಗೆ ಬೇರೆ ವರದಿ ಕಳಿಸ್ತಿದೀನಿ."

"ಅದರಲ್ಲಿ ಏನಂತ ಬರ್ದಿದೀರಿ?"

ಅವನು ಓದಿದ. ಮೃತ ಮುನಿಶಾಮಿ ಮದ್ಯಪಾನ ಮಾಡಿರಲಿಲ್ಲ. ಎದುರಿನಿಂದ ಬಂದ ವಾಹನದ ಹೆಡ್‌ಲೈಟಿನ ಅತಿಯಾದ ಪ್ರಖರತೆಯಿಂದ ಕಣ್ಣು ಕಾಣದೆ ಮೋರಿಗೆ ಬಿದ್ದು ಮೃತಪಟ್ಟಿರುತ್ತಾನೆ. ಸದರಿ ವಾಹನವು ಈ ಠಾಣೆಯ ಜೀಪು. ಮುಂದಿನ ಸೀಟಿನಲ್ಲಿ ಇದ್ದವನು ಸಬ್‌ಇನ್‌ಸ್ಪೆಕ್ಟರ್ ಕೋದಂಡರಾಮಪ್ಪ, ಅಂದರೆ ನಾನು.

ಓದಿ ಮುಗಿಸಿ ಕಾಗದ ಕೆಳಗಿಟ್ಟ. ಆಕೆ ಅಳುತ್ತಾಳೆ, ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ಕಾದ. ಹಿಂದಿನ ರಾತ್ರಿಯೆಲ್ಲ ಅದಕ್ಕೇ ತಯಾರಾಗಿದ್ದ. ಆಕೆ ಕುರ್ಚಿಯ ಬೆನ್ನನ್ನು ಹಿಡಿದ ಹಾಗೆಯೇ ನಿಂತಿದ್ದಳು.

"ನೀವು ಎದ್ದಿದ್ರಾ ಸಾಮಿ ಆವಾಗ?" ಎಂದು ಕೇಳಿದಳು.

"ಇಲ್ಲ. ನಿದ್ದೆ ಮಾಡ್ತಿದ್ದೆ."

"ನಮ್ಮನೆಯೋರು ಎಚ್ಚರವಾಗೇ ಇದ್ರು," ಎಂದಳು. "ಅದನ್ನೂ ಬರ್ಕೊಳ್ಳಿ."

ಕೋದಂಡರಾಮಪ್ಪ ಪೆನ್ನು ತೆಗೆದು, ಸಹಿಯ ಮೇಲೆ ಉಳಿದಿದ್ದ ಸಣ್ಣ ಜಾಗದಲ್ಲಿ ಅದನ್ನು ಬರೆದ. ಆಕೆ ನೋಡುತ್ತ ನಿಂತಿದ್ದು, ಬರೆದದ್ದು ಆದ ಮೇಲೆ ಬುಟ್ಟಿ ಎತ್ತಿಕೊಂಡು ಸಂತೆಗೆ ಹೋದಳು.